ಸ್ಕೀ ಬೂಟಿನಲ್ಲಿ ಹಿಮ್ಮಡಿ ಮೇಲೇಳುತ್ತಿದ್ದರೆ: ನನ್ನ ಅನುಭವ

ಬಕಲ್ ಎಷ್ಟು ಬಿಗಿದರೂ ಹಿಮ್ಮಡಿ ಏಳುತ್ತಿತ್ತು, ಬೆರಳು ಮರಗಟ್ಟುತ್ತಿತ್ತು. ಕಾರಣ: ಬೂಟು ದೊಡ್ಡದು. ಸಡಿಲ ಬೂಟನ್ನು ಅತಿಯಾಗಿ ಬಿಗಿದರೆ ಪಾದದ ಮೇಲ್ಭಾಗ ಅದುಮಿ ರಕ್ತ ಓಡಾಡುವುದಿಲ್ಲ.

ಗುಲ್ಮಾರ್ಗಿಗೋ ಔಲಿಗೋ ಹೊರಡುವ ಮುಂಚೆ ಬೆಂಗಳೂರಲ್ಲೇ ಅಳತೆ ಮುಗಿಸಿ. ಸಂಜೆ, ಪಾದ ಸ್ವಲ್ಪ ಊದಿರುವಾಗ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಂತು ಉದ್ದನೆಯ ಬೆರಳಿನ ತುದಿವರೆಗೆ ಅಳೆಯಿರಿ. 26.5 ಸೆಂ.ಮೀ. ಬಂದರೆ ಮಾಂಡೋ ಸೈಜೂ (ಪಾದದ ಉದ್ದವನ್ನು ಸೆಂ.ಮೀ.ನಲ್ಲೇ ಹೇಳುವ ಸ್ಕೀ ಬೂಟಿನ ಅಳತೆ) 26.5. ನಮ್ಮ ಶೂ ಅಂಗಡಿಯ 8, 9 ಇಲ್ಲಿ ಲೆಕ್ಕಕ್ಕಿಲ್ಲ. ಅಂದಹಾಗೆ 26ಕ್ಕೂ 26.5ಕ್ಕೂ ಸಾಮಾನ್ಯವಾಗಿ ಹೊರಗಿನ ಪ್ಲಾಸ್ಟಿಕ್ ಶೆಲ್ ಒಂದೇ.

ನಿಜವಾದ ಪರೀಕ್ಷೆ ಶೆಲ್ಲಿನದು. ಲೈನರ್, ಅಂದರೆ ಒಳಗಿನ ಮೆತ್ತನೆಯ ಬೂಟು, ಹೊರಗೆಳೆದು ಬರಿಗಾಲಿಡಿ, ಬೆರಳು ಮುಂದೆ ಮೆಲ್ಲಗೆ ತಾಗಲಿ. ಹಿಮ್ಮಡಿಯ ಹಿಂದೆ 1.5ರಿಂದ 2 ಸೆಂ.ಮೀ. ಸಂದಿದ್ದರೆ ಸರಿ, 2.5 ದಾಟಿದರೆ ಬೂಟು ವಾಪಸ್ ಕೊಡಿ. ಲೈನರ್ ಹಾಕಿ ನೆಟ್ಟಗೆ ನಿಂತಾಗ ಬೆರಳು ತಾಗಬೇಕು, ಮಂಡಿ ಮುಂದಕ್ಕೆ ಬಗ್ಗಿಸಿದಾಗ ಹಿಂದೆ ಸರಿಯಬೇಕು. ಅಂಗಡಿಯವರು "ಆರಾಮಾಗಿದೆಯಾ ಸರ್?" ಅಂತ ಕೇಳಿದರೆ ಕೂತಲ್ಲೇ ಹೂಂ ಅನ್ನಬೇಡಿ, ಎದ್ದು ಬಗ್ಗಿ ನೋಡಿ.

ತೆಳು ಸಾಕ್ಸ್ ಒಂದೇ ಜೊತೆ. ಬಕಲ್ ಹಾಕುವ ಮೊದಲು ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ. ಉದ್ದ ಸರಿಯಿದ್ದೂ ಅಗಲದಲ್ಲಿ ಕಚ್ಚಿದರೆ ಸೈಜು ಹೆಚ್ಚಿಸಬೇಡಿ, 102 ಮಿ.ಮೀ. ಅಗಲದ ಮಾಡೆಲ್ ಕೇಳಿ.