ಫೋರ್ ವೀಲ್ ಹಾಕಿದರೂ ಜೀಪ್ ಹತ್ತುತ್ತಿಲ್ಲವೇ?

ಕೊಡಗಿನಲ್ಲಿ ಫೋರ್ ವೀಲ್ ಜೀಪ್ ಇರುವ ಮನೆಗಳಿಗೆ ಬರವಿಲ್ಲ. ಫೋರ್ ವೀಲ್ ಕೆಲಸ ಮಾಡುವ ಜೀಪ್ ಎಷ್ಟು ಮನೆಯಲ್ಲಿದೆ ಅನ್ನುವುದು ಬೇರೆ ಪ್ರಶ್ನೆ. ಗೋಣಿಕೊಪ್ಪದ ಅಂಗಡಿಗೆ, ಮಡಿಕೇರಿಯ ಬ್ಯಾಂಕಿಗೆ, ಮಕ್ಕಳ ಶಾಲೆಗೆ ಅಂತ ವರ್ಷದ ಬಹುಪಾಲು ಗಾಡಿ ಟೂ ವೀಲ್‌ನಲ್ಲೇ, ಅಂದರೆ ಹಿಂದಿನ ಎರಡು ಚಕ್ರದ ಬಲದಲ್ಲೇ ಓಡುತ್ತದೆ. ಜುಲೈ-ಆಗಸ್ಟಿನ ಕಕ್ಕಡದ ಮಳೆಗೆ ತೋಟದ ಏರು ಕೆಸರಾದಾಗ ಫೋರ್ ವೀಲ್ ಹಾಕುವ ಸಣ್ಣ ಲಿವರ್ ನೆನಪಾಗುತ್ತದೆ. ಎಳೆದರೆ ಕಟಕಟ ಸದ್ದು, ಇಲ್ಲವೇ ಸದ್ದೇ ಇಲ್ಲ. ಹಿಂದಿನ ಚಕ್ರ ಮಾತ್ರ ಕೆಸರು ಹಾರಿಸುತ್ತದೆ. ಆಮೇಲೆ ಪಕ್ಕದ ತೋಟದ ಟ್ರಾಕ್ಟರ್ ಬರಬೇಕು.

ಆಗ ಸಲಹೆಗಳಿಗೇನೂ ಕಡಿಮೆ ಇಲ್ಲ. ಎಡ ಬಲ ಚಕ್ರ ಎರಡೂ ಒಟ್ಟಿಗೇ ತಿರುಗುವಂತೆ ಮಾಡುವ ಲಾಕರ್ ಹಾಕಿಸು, ದೊಡ್ಡ ಟೈರ್ ಹಾಕಿಸು, ಎತ್ತರ ಮಾಡಿಸು. ಇದೆಲ್ಲ ಆಮೇಲಿನ ಮಾತು. ಹಳೆ ಗಾಡಿಯಲ್ಲಿ ಕಂಪನಿ ಕೊಟ್ಟಿದ್ದನ್ನೇ ಮತ್ತೆ ಸರಿಯಾಗಿ ಕೆಲಸ ಮಾಡುವಂತೆ ಮಾಡಿದರೆ ಮುಕ್ಕಾಲು ಭಾಗ ಮಾಡಿಫಿಕೇಶನ್ ಮುಗಿದಂತೆ. ಉಳಿದ ಕಾಲು ಭಾಗಕ್ಕೆ ದುಡ್ಡು ಹಾಕುವ ಮೊದಲು ಆ ಮುಕ್ಕಾಲು ಆಗಿದೆಯಾ ನೋಡಿಕೊಳ್ಳಬೇಕು. ಕ್ರಮವಾಗಿ ಹೋಗೋಣ.

ಹಂತ 1: ನಿಮ್ಮದು ಯಾವ ಜಾತಿ?

ಹಳೆ ಮಹೀಂದ್ರ ಸಿಜೆ, ಎಂಎಂ 540, ಎಂಎಂ 550, 1985ರಲ್ಲಿ ಬಂದ ಮಾರುತಿ ಜಿಪ್ಸಿ, 2010ರ ಥಾರ್ ಇವೆಲ್ಲ ಪಾರ್ಟ್ ಟೈಮ್ ಫೋರ್ ವೀಲ್. ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್, ಅಂದರೆ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ ಇರುತ್ತದೆ. ಅಲ್ಲಿಂದ ಹಿಂದಕ್ಕೊಂದು, ಮುಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟ್. ಫೋರ್ ವೀಲ್ ಹಾಕಿದಾಗ ಎರಡೂ ಶಾಫ್ಟ್ ಗಟ್ಟಿಯಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನಡುವೆ ಡಿಫರೆನ್ಷಿಯಲ್, ಅಂದರೆ ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ, ಇಲ್ಲ.

ಇದು ಯಾಕೆ ಮುಖ್ಯ ಅಂದರೆ, ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು. ಕೆಸರಿನಲ್ಲಿ ಟೈರ್ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಯಾಗುತ್ತದೆ. ಟಾರು ರಸ್ತೆಯಲ್ಲಿ ಜಾರಲು ಜಾಗವಿಲ್ಲ. ಆ ಬಿಗಿತವೆಲ್ಲ ಶಾಫ್ಟ್, ಅದರ ತುದಿಯ ಕೀಲಾದ ಯುಜೆ ಕ್ರಾಸ್, ಗೇರ್‌ಗಳ ಮೇಲೆ ಕೂರುತ್ತದೆ. ಸ್ಟಿಯರಿಂಗ್ ಭಾರವಾಗುತ್ತದೆ, ಟೈರ್ ಕೀಚುಗುಟ್ಟುತ್ತದೆ, ಕೊನೆಗೆ ಲಿವರ್ ಟೂ ವೀಲ್‌ಗೆ ಬರುವುದೇ ಇಲ್ಲ. ಹಾಗಾದರೆ ಲಿವರ್ ಮೇಲೆ ಬಲ ಹಾಕಬೇಡಿ. ಕೆಲವು ಅಡಿ ನೇರವಾಗಿ ರಿವರ್ಸ್ ತೆಗೆದುಕೊಳ್ಳಿ, ತಾನಾಗಿ ಬಿಡುತ್ತದೆ. ಘಾಟಿಯ ಟಾರಿನಲ್ಲಿ ಮಳೆ ಬಂತು ಅಂತ ಫೋರ್ ವೀಲ್ ಹಾಕಿಕೊಂಡು ಇಳಿಯುವವರು ಇದನ್ನು ಎರಡು ಸಲ ಓದಿ.

ಎರಡನೆಯ ಜಾತಿ ಫುಲ್ ಟೈಮ್. ನಮ್ಮಲ್ಲಿ 2007ರಲ್ಲಿ ಬಂದ ಹಳೆ ಗ್ರ್ಯಾಂಡ್ ವಿಟಾರಾ ಇದಕ್ಕೆ ಉದಾಹರಣೆ. ನಡುವೆ ಸೆಂಟರ್ ಡಿಫರೆನ್ಷಿಯಲ್ ಇರುವುದರಿಂದ ಟಾರಿನಲ್ಲೂ ನಾಲ್ಕೂ ಚಕ್ರ ಎಳೆಯುತ್ತಾ ಇರಬಹುದು. ಕೆಸರು ಬಂದಾಗ ಲಾಕ್ ಮಾಡಿಕೊಂಡರಾಯಿತು.

ಮೂರನೆಯದು ಬೇಕಾದಾಗ ಮಾತ್ರ ಹಿಂದಿನ ಚಕ್ರಕ್ಕೆ ಬಲ ಕಳಿಸುವ ಆಲ್ ವೀಲ್ ಡ್ರೈವ್. ಹೋಂಡಾ ಸಿಆರ್-ವಿ, ಸ್ಕೋಡಾ ಯೇತಿ, 2014ರ ರೆನೋ ಡಸ್ಟರ್ ಈ ಸಾಲಿನವು. ಇವುಗಳ ಕಥೆ ಬೇರೆ, ಆಮೇಲೆ ಬರುತ್ತೇನೆ.

ಹಂತ 2: ಒಂದು ಚಕ್ರ ಎತ್ತಿ, ಕೈಯಲ್ಲಿ ತಿರುಗಿಸಿ

ವರ್ಕ್‌ಶಾಪಿಗೆ ಹೋಗುವ ಮೊದಲು ಮನೆಯ ಅಂಗಳದಲ್ಲೇ ಈ ಪರೀಕ್ಷೆ ಮಾಡಬಹುದು. ಕಾಫಿ ಒಣಗಿಸುವ ಸಿಮೆಂಟ್ ಕಣ ಇದ್ದರೆ ಇನ್ನೂ ಒಳ್ಳೆಯದು. ಸಮತಟ್ಟು ಜಾಗವೇ ಬೇಕು.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಹಳೆ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಹಿಂದಿನ ಚಕ್ರಗಳಲ್ಲಿ ಅಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ. ಅದು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು. ಹಾಗಾಗಿ ಹಿಂದಿನ ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿದ ಕ್ಷಣ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದಂತೆ. ಎತ್ತಿದ ಚಕ್ರ ಒಂದು ಕಡೆ ತಿರುಗುತ್ತದೆ, ನೆಲದ ಮೇಲಿನದು ಇನ್ನೊಂದು ಕಡೆ ಉರುಳುತ್ತದೆ, ಜೀಪ್ ಜಾಕ್ ಮೇಲಿಂದ ಜಾರುತ್ತದೆ. ಇಳಿಜಾರಿನಲ್ಲಿ ಪಂಕ್ಚರ್ ಹಾಕುವಾಗ ಇದು ಜೀವಕ್ಕೇ ಅಪಾಯ. ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಕಲ್ಲು ಒಡ್ಡದೆ ಯಾವ ಚಕ್ರವನ್ನೂ ಎತ್ತಬೇಡಿ. ಗಾಡಿಯ ಕೆಳಗೆ ಹೋಗುವುದಿದ್ದರೆ ಜಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿ.

ಈಗ ಪರೀಕ್ಷೆ. ಎಂಜಿನ್ ಆಫ್. ಮುಂದಿನ ಎರಡೂ ಹಬ್ (ಚಕ್ರದ ನಡುವೆ ಇದ್ದು, ಚಕ್ರವನ್ನು ಆಕ್ಸಲ್‌ಗೆ ಕೂಡಿಸುವ ಭಾಗ) ಲಾಕ್ ಮಾಡಿ. ಫೋರ್ ಹೈ (ಫೋರ್ ವೀಲ್‌ನ ಮಾಮೂಲಿ ಗೇರ್) ಹಾಕಿ, ಗೇರಿನಲ್ಲಿ ಬಿಡಿ. ಮುಂದಿನ ಒಂದೇ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ. ಸ್ವಲ್ಪ ಆಟ ಆಡಿ ಟಕ್ಕನೆ ನಿಂತರೆ ಎಲ್ಲ ಸರಿ ಇದೆ. ಸಲೀಸಾಗಿ ತಿರುಗುತ್ತಾ ಹೋದರೆ ಎಲ್ಲೋ ಕೊಂಡಿ ತಪ್ಪಿದೆ.

ಎಲ್ಲಿ ಅಂತ ಹುಡುಕಲು ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಕಡೆ ಕಣ್ಣಿಡಿ. ಚಕ್ರದ ಜೊತೆ ಶಾಫ್ಟೂ ತಿರುಗುತ್ತಿದ್ದರೆ ತೊಂದರೆ ಟ್ರಾನ್ಸ್‌ಫರ್ ಕೇಸಿನಲ್ಲಿ. ಲಿವರಿನ ಲಿಂಕೇಜ್ ಸವೆದಿರಬಹುದು, ಒಳಗಿನ ಫೋರ್ಕ್ ಪೂರ್ತಿ ಕೂರುತ್ತಿಲ್ಲದೆ ಇರಬಹುದು. ಚಕ್ರ ತಿರುಗಿದರೂ ಶಾಫ್ಟ್ ಅಲ್ಲಾಡದೆ ಇದ್ದರೆ ಎರಡರಲ್ಲಿ ಒಂದು ಬದಿಯ ಹಬ್ ಹಿಡಿಯುತ್ತಿಲ್ಲ, ಅಥವಾ ಹೌಸಿಂಗ್ (ಆಕ್ಸಲ್‌ನ ಹೊರಕವಚ) ಒಳಗಿನ ಆಕ್ಸಲ್ ತುಂಡಾಗಿದೆ, ಅಥವಾ ಡಿಫರೆನ್ಷಿಯಲ್‌ನೊಳಗೇ ಏನೋ ಮುರಿದಿದೆ. ಇನ್ನೊಂದು ಬದಿಯ ಚಕ್ರಕ್ಕೂ ಹೀಗೇ ಮಾಡಿ. ಅರ್ಧ ಗಂಟೆಯ ಕೆಲಸ. ಮೆಕ್ಯಾನಿಕ್ ಮುಂದೆ ನಿಂತು 'ಫೋರ್ ವೀಲ್ ಹಿಡೀತಿಲ್ಲ' ಅನ್ನುವುದಕ್ಕೂ, 'ಮುಂದಿನ ಹಬ್ ಹಿಡೀತಿಲ್ಲ' ಅನ್ನುವುದಕ್ಕೂ ಬಿಲ್ಲಿನಲ್ಲಿ ವ್ಯತ್ಯಾಸ ಕಾಣುತ್ತದೆ.

ತಪ್ಪು ಜಾಸ್ತಿ ಸಿಗುವುದು ಹಬ್‌ನಲ್ಲೇ. ಫ್ರೀ ವೀಲಿಂಗ್ ಹಬ್ ಬಿಚ್ಚಿದರೆ ಒಳಗೆ ಹಳೆ ಗ್ರೀಸ್ ಮೇಣದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಡೀಸೆಲ್‌ನಲ್ಲಿ ತೊಳೆದು, ಒರೆಸಿ, ತೆಳುವಾಗಿ ಗ್ರೀಸ್ ಸವರಿ ಜೋಡಿಸಿದರೆ ಸಾಕು. ಪ್ರೀತಿಯಿಂದ ತುಂಬಾ ಗ್ರೀಸ್ ತುಂಬಿದರೆ ಒಳಗಿನ ರಿಂಗ್ ಮತ್ತೆ ಸರಿಯುವುದಿಲ್ಲ. ತೋಟದಲ್ಲೇ ದುಡಿಯುವ ಗಾಡಿಗೆ ಹಬ್ ತೆಗೆದು, ಚಕ್ರವನ್ನು ಆಕ್ಸಲ್‌ಗೆ ಕಾಯಂ ಕೂಡಿಸುವ ಡ್ರೈವ್ ಫ್ಲ್ಯಾಂಜ್ ಹಾಕಿಬಿಡುವುದೂ ಒಳ್ಳೆಯ ಉಪಾಯ. ಮುಂದಿನ ಆಕ್ಸಲ್ ಯಾವಾಗಲೂ ತಿರುಗುತ್ತಾ ಇರುತ್ತದೆ, ಡೀಸೆಲ್ ಒಂಚೂರು ಜಾಸ್ತಿ. ಆದರೆ ಮಳೆಯಲ್ಲಿ ಇಳಿದು ಜಿಗಣೆಗಳ ನಡುವೆ ಹಬ್ ತಿರುಗಿಸುವ ಕೆಲಸ ಇಲ್ಲ.

ಹಂತ 3: ಹಿಂದೆ ಮುಂದೆ ಹಲ್ಲು ಒಂದೇನಾ?

ಹಳೆ ಜೀಪ್ ಕೊಂಡವರು ಇದನ್ನು ನೋಡಲೇಬೇಕು. ಕೈಯಿಂದ ಕೈಗೆ ಬಂದ ಗಾಡಿಗಳಲ್ಲಿ ಯಾವುದೋ ಜೀಪಿನ ಹೌಸಿಂಗ್ ಇನ್ಯಾವುದಕ್ಕೋ ಕೂತಿರುತ್ತದೆ. ವಿಲ್ಲಿಸ್ ಕಾಲದ ಯುದ್ಧದ ಜೀಪಿನ ಕ್ರೌನ್ ಪಿನಿಯನ್ ಅನುಪಾತ (ಚಕ್ರ ಒಂದು ಸುತ್ತು ಬರಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ) 4.88, ಸಿಜೆ-3ಬಿಯದು 5.38. ಹಿಂದೆ ಒಂದು, ಮುಂದೆ ಒಂದು ಇದ್ದರೆ ಟೂ ವೀಲ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ಫೋರ್ ವೀಲ್ ಹಾಕಿದ ತಕ್ಷಣ ಎರಡು ಆಕ್ಸಲ್‌ಗಳು ಒಂದನ್ನೊಂದು ಎಳೆದಾಡುತ್ತವೆ, ಟ್ರಾನ್ಸ್‌ಫರ್ ಕೇಸ್ ಸಾಯುತ್ತದೆ.

ಪತ್ತೆ ಮಾಡುವುದು ಸುಲಭ. ಮುಂದಿನ ಚಕ್ರಗಳಿಗೆ ಕಲ್ಲು ಒಡ್ಡಿ, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಇಡಿ. ಟೂ ವೀಲ್, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಡಿ. ಶಾಫ್ಟ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಇಬ್ಬರು ಸೇರಿ ಎರಡೂ ಚಕ್ರವನ್ನು ಒಟ್ಟಿಗೆ ಸರಿಯಾಗಿ ಒಂದು ಸುತ್ತು ತಿರುಗಿಸಿ. ಶಾಫ್ಟ್ ಐದು ಸುತ್ತು ದಾಟಿ ಮೂರನೇ ಒಂದು ಸುತ್ತಿಗಿಂತ ತುಸು ಜಾಸ್ತಿ ಹೋದರೆ 5.38. ಐದಕ್ಕೆ ಸ್ವಲ್ಪ ಕಡಿಮೆ ಬಿದ್ದರೆ 4.88. ಆಮೇಲೆ ಇದೇ ಲೆಕ್ಕ ಮುಂದೆ, ಹಬ್ ಲಾಕ್ ಮಾಡಿ. ಎರಡೂ ಕಡೆ ಒಂದೇ ಉತ್ತರ ಬರಬೇಕು.

ಟೈರ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ. ಮುಂದೆ ಸವೆದದ್ದು, ಹಿಂದೆ ಹೊಸದು ಅಂದರೆ ಅನುಪಾತ ತಪ್ಪಿದ ಹಾಗೇ. ನಾಲ್ಕೂ ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತ ಇರಲಿ.

ಹಂತ 4: ಎಣ್ಣೆ, ಮತ್ತೆ ಒಂದು ಪೈಪು

ಕೊಡಗಿನಲ್ಲಿ ಮುಂದಿನ ಹೌಸಿಂಗ್ ಕೊಲ್ಲುವುದು ಕಲ್ಲಲ್ಲ, ನೀರು. ತೋಡು ದಾಟುವಾಗ ಏನಾಗುತ್ತದೆ ನೋಡಿ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿಯುತ್ತದೆ. ಒಳಗಿನ ಗಾಳಿ ಕುಗ್ಗುತ್ತದೆ. ಹೌಸಿಂಗ್ ಮೇಲೆ ಗಾಳಿ ಆಡಲು ಇರುವ ಪುಟ್ಟ ಬ್ರೀದರ್ ನೀರಿನಲ್ಲಿ ಮುಳುಗಿದ್ದರೆ ಗಾಳಿಯ ಬದಲು ನೀರನ್ನೇ ಎಳೆದುಕೊಳ್ಳುತ್ತದೆ. ಬ್ರೀದರ್ ಮಣ್ಣು ಕೂತು ಮುಚ್ಚಿದ್ದರೆ ಆಯಿಲ್ ಸೀಲ್ ಮೂಲಕ ಎಳೆಯುತ್ತದೆ.

ಡ್ರೈನ್ ಪ್ಲಗ್ ಸಡಿಲಿಸಿ ಸ್ವಲ್ಪ ಎಣ್ಣೆ ಹೊರಗೆ ಬಿಡಿ. ಜೇನಿನ ಬಣ್ಣವೋ, ಕಪ್ಪೋ ಇದ್ದರೆ ಸರಿ. ಹಾಲು ಹಾಕಿದ ಕಾಫಿಯ ಬಣ್ಣ ಬಂದರೆ ನೀರು ಸೇರಿದೆ, ಆವತ್ತೇ ಬದಲಾಯಿಸಿ. ಡ್ರೈನ್ ಮಾಡುವ ಮೊದಲು ಒಂದು ಮಾತು: ಮೇಲೆ ತುಂಬುವ ಪ್ಲಗ್ ಬಿಚ್ಚುತ್ತದಾ ನೋಡಿಕೊಳ್ಳಿ. ತುಕ್ಕು ಹಿಡಿದು ಅದು ಬಿಚ್ಚದೇ ಹೋದರೆ, ಎಣ್ಣೆ ಖಾಲಿಯಾದ ಗಾಡಿ ಅಂಗಳದಲ್ಲೇ ಉಳಿಯುತ್ತದೆ.

ಆಕ್ಸಲ್‌ನ ಹೈಪಾಯ್ಡ್ ಗೇರ್‌ಗಳಿಗೆ ಜಿಎಲ್-5 ದರ್ಜೆಯ ಎಣ್ಣೆ ಬೇಕು. ಗೇರ್‌ಬಾಕ್ಸಿಗೆ ಕಣ್ಣುಮುಚ್ಚಿ ಅದನ್ನೇ ಸುರಿಯಬೇಡಿ. ಹಳೆ ಗೇರ್‌ಬಾಕ್ಸಿನ ಹಿತ್ತಾಳೆ ಭಾಗಗಳಿಗೆ ಜಿಎಲ್-4 ಕ್ಷೇಮ. ಗಾಡಿಯ ಕೈಪಿಡಿ ಏನು ಹೇಳುತ್ತದೋ ಅದನ್ನೇ ಹಾಕಿ.

ಇನ್ನು ಆ ಪೈಪು. ಬ್ರೀದರ್ ಇರುವ ಜಾಗಕ್ಕೆ ನಿಪ್ಪಲ್ ಹಾಕಿ, ಎಣ್ಣೆಗೆ ತಡೆಯುವ ರಬ್ಬರ್ ಹೋಸ್ ಜೋಡಿಸಿ, ಬಾನೆಟ್ ಒಳಗೆ ಎತ್ತರದಲ್ಲಿ ಕಟ್ಟಿ. ಮುಂದೆ, ಹಿಂದೆ, ಟ್ರಾನ್ಸ್‌ಫರ್ ಕೇಸಿಗೆ, ಮೂರಕ್ಕೂ. ಆಕ್ಸಲ್ ಮೇಲೆ ಕೆಳಗೆ ಆಡುವಾಗ ಎಳೆಯದಂತೆ ಹೋಸ್‌ಗೆ ಸ್ವಲ್ಪ ಸಡಿಲ ಇರಲಿ. ಹಳೆ ಜೀಪಿಗೆ ಮಾಡಬಹುದಾದ ಮಾಡಿಫಿಕೇಶನ್‌ಗಳಲ್ಲಿ ಅತೀ ಅಗ್ಗದ್ದು, ಅತೀ ಕೆಲಸಕ್ಕೆ ಬರುವುದು ಇದೇ. ಫೋಟೋದಲ್ಲಿ ಕಾಣುವುದಿಲ್ಲ, ಅದಕ್ಕೇ ಯಾರೂ ಮಾಡಿಸುವುದಿಲ್ಲ ಅನ್ಸುತ್ತೆ.

ಹಂತ 5: ಈಗ ಲಾಕರ್ ಮಾತು

ನಾಲ್ಕು ಚಕ್ರಕ್ಕೆ ಬಲ ಹೋದರೂ ಗಾಡಿ ನಿಲ್ಲುವುದು ಯಾಕೆ? ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಬದಿಗೆ ಸಮ ಬಲ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬಲವೇ ಬೇಡ. ಆಗ ನೆಲದ ಮೇಲಿರುವ ಚಕ್ರಕ್ಕೂ ಸಿಗುವುದು ಅಷ್ಟೇ, ಅಂದರೆ ಏನೂ ಇಲ್ಲ. ತೋಟದ ದಾರಿಗೆ ಅಡ್ಡವಾಗಿ ಓರೆ ಚರಂಡಿ ಕಡಿದಿರುತ್ತಾರಲ್ವಾ, ಅಲ್ಲಿ ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಒಟ್ಟಿಗೆ ತೇಲುತ್ತವೆ. ಫೋರ್ ವೀಲ್ ಜೀಪ್ ಅಲ್ಲೇ ನಿಲ್ಲುತ್ತದೆ.

ಮೊದಲ ಔಷಧ ಟೈರಿನ ಗಾಳಿ. ಕೆಸರಿಗೆ ಇಳಿಯುವ ಮೊದಲು 18ರಿಂದ 20 ಪಿಎಸ್‌ಐಗೆ ಇಳಿಸಿದರೆ ಟೈರ್ ಹರಡಿ ಹಿಡಿಯುತ್ತದೆ. ಟ್ಯೂಬ್ ಇರುವ ಟೈರಿನಲ್ಲಿ ಇನ್ನೂ ಇಳಿಸಿದರೆ ಟ್ಯೂಬ್ ತಿರುಗಿ ವಾಲ್ವ್ ಕಿತ್ತುಬರುವ ಭಯ. ಟಾರಿಗೆ ಬರುವ ಮೊದಲು ಮತ್ತೆ ತುಂಬಿಸಿ, ಗಾಡಿಯಲ್ಲೇ ಪಂಪ್ ಇರಲಿ. ಎರಡನೆಯದು ಕಾಲಿನ ಬ್ರೇಕ್. ಚಕ್ರ ಸುಮ್ನೆ ತಿರುಗುವಾಗ ಆಕ್ಸಿಲರೇಟರ್ ಜೊತೆ ಬ್ರೇಕ್ ಹಗುರವಾಗಿ ಒತ್ತಿದರೆ ತೇಲುವ ಚಕ್ರಕ್ಕೆ ತಡೆ ಬಂದು, ನೆಲದ ಚಕ್ರಕ್ಕೂ ಸ್ವಲ್ಪ ಬಲ ಸಿಗುತ್ತದೆ. ಹ್ಯಾಂಡ್ ಬ್ರೇಕ್ ಎಳೆಯುವ ಉಪಾಯ ಹಳೆ ಜೀಪಿನಲ್ಲಿ ನಡೆಯುವುದಿಲ್ಲ. ಅದು ಶಾಫ್ಟ್ ಹಿಡಿಯುತ್ತದೆ ಅಂತ ಆಗಲೇ ನೋಡಿದೆವು.

ಇದೆಲ್ಲ ಮಾಡಿಯೂ ಸಾಲದು ಅನಿಸಿದರೆ ಲಾಕರ್. ಒಂದೇ ಹಾಕುವುದಾದರೆ ಹಿಂದಕ್ಕೆ. ಏರಿನಲ್ಲಿ ಭಾರ ಹಿಂದಕ್ಕೆ ಬರುತ್ತದೆ, ಹಿಡಿತವೂ ಅಲ್ಲೇ. ಸ್ವಿಚ್ ಒತ್ತಿದಾಗ ಮಾತ್ರ ಕೂರುವ ಏರ್ ಲಾಕರ್ ಎಲ್ಲಕ್ಕಿಂತ ಒಳ್ಳೆಯದು, ಎಲ್ಲಕ್ಕಿಂತ ದುಬಾರಿ. ತಾನಾಗಿ ಕೂರುವ ಆಟೋ ಲಾಕರ್ ಅಗ್ಗ. ಆದರೆ ಒದ್ದೆ ಟಾರಿನ ತಿರುವಿನಲ್ಲಿ ಹಿಂಭಾಗ ಹೊರಗೆ ತಳ್ಳುವ ಸ್ವಭಾವ ಅದಕ್ಕಿದೆ. ಆರು ತಿಂಗಳು ರಸ್ತೆ ಒದ್ದೆ ಇರುವ ಊರಿಗೆ ನಾನಂತೂ ಅದನ್ನು ಹೇಳುವುದಿಲ್ಲ. 2015ರ ಥಾರ್‌ಗೆ ಕಂಪನಿಯೇ ಹಿಂದೆ ಮೆಕ್ಯಾನಿಕಲ್ ಲಾಕರ್ ಕೊಟ್ಟಿತು. ಒಂದು ಚಕ್ರ ಇನ್ನೊಂದಕ್ಕಿಂತ ನಿಮಿಷಕ್ಕೆ ಸುಮಾರು 100 ಸುತ್ತು ಜಾಸ್ತಿ ತಿರುಗಿದಾಗ ಅದು ಹಿಡಿಯುತ್ತದೆ. ಆದ್ದರಿಂದ ಆ ಗಾಡಿಯಲ್ಲಿ ಹೆದರಿ ಕಾಲು ತೆಗೆಯಬಾರದು. ಸ್ವಲ್ಪ ತಿರುಗಲು ಬಿಟ್ಟರೆ 'ಠಕ್' ಅಂತ ಕೂತು ಮೇಲೇರುತ್ತದೆ.

ಡಿಫರೆನ್ಷಿಯಲ್ ಗೇರುಗಳನ್ನೇ ವೆಲ್ಡ್ ಮಾಡಿಬಿಡುವವರಿದ್ದಾರೆ. ತೋಟದ ಗೇಟು ದಾಟದ ಗಾಡಿಗಾದರೆ ಸರಿ ಅನ್ನಬಹುದು. ರಸ್ತೆಗೆ ಬರುವ ಗಾಡಿಗೆ ಬೇಡವೇ ಬೇಡ. ಪ್ರತಿ ತಿರುವಿನಲ್ಲೂ ಟೈರ್ ಉಜ್ಜುತ್ತದೆ, ಒಂದು ದಿನ ಆಕ್ಸಲ್ ತುಂಡಾಗುತ್ತದೆ.

ಎತ್ತರ ಮಾಡಿಸುವ ಬಗ್ಗೆ ಎರಡೇ ಮಾತು. ಗಾಡಿ ಎತ್ತರವಾದಷ್ಟೂ ಪ್ರೊಪೆಲ್ಲರ್ ಶಾಫ್ಟಿನ ಕೋನ ಕಡಿದಾಗಿ ಯುಜೆ ಕ್ರಾಸ್ ಬೇಗ ಹೋಗುತ್ತದೆ. ಓರೆ ಇಳಿಜಾರಿನಲ್ಲಿ ಮಗುಚುವ ಭಯವೂ ಜಾಸ್ತಿ.

ಡಸ್ಟರ್, ಯೇತಿ, ಸಿಆರ್-ವಿ ಇರುವವರಿಗೆ

ಇವುಗಳಲ್ಲಿ ಮುಂದಿನ ಚಕ್ರ ಯಾವಾಗಲೂ ಎಳೆಯುತ್ತದೆ. ಹಿಂದಕ್ಕೆ ಬಲ ಕಳಿಸುವುದು ಒಂದು ಕಪ್ಲಿಂಗ್, ಅಂದರೆ ಒಂದಷ್ಟು ಕ್ಲಚ್ ಪ್ಲೇಟ್‌ಗಳು. ಡಸ್ಟರ್‌ನಲ್ಲಿ ಅದನ್ನು ವಿದ್ಯುತ್ ಅಯಸ್ಕಾಂತ ಒತ್ತುತ್ತದೆ, ಯೇತಿಯ ಹಾಲ್ಡೆಕ್ಸ್‌ನಲ್ಲಿ ಎಣ್ಣೆಯ ಒತ್ತಡ. ಸಿಆರ್-ವಿಯ ಹಳೆ ಮಾದರಿಯಲ್ಲಿ ಎರಡು ಪಂಪುಗಳಿವೆ. ಮುಂದಿನ ಚಕ್ರ ಜಾರಿ ಪಂಪುಗಳ ವೇಗ ಬೇರೆಯಾದಾಗ ಮಾತ್ರ ಒತ್ತಡ ಹುಟ್ಟುತ್ತದೆ.

ಇಲ್ಲಿ ಮಾಡಿಫಿಕೇಶನ್‌ಗಿಂತ ಆರೈಕೆ ದೊಡ್ಡದು. ಯೇತಿಯ ಹಾಲ್ಡೆಕ್ಸ್ ಎಣ್ಣೆ, ಸಿಆರ್-ವಿಯ ಹಿಂದಿನ ಡಿಫರೆನ್ಷಿಯಲ್ ಎಣ್ಣೆ ಎರಡೂ ಬೇರೆಯೇ ದ್ರವ. ಮಾಮೂಲಿ ಗೇರ್ ಆಯಿಲ್ ಹಾಕಿದರೆ ಕಪ್ಲಿಂಗ್ ಕೆಡುತ್ತದೆ. ನಾಲ್ಕು ಟೈರ್ ಒಂದೇ ತರಹ ಇರಬೇಕು ಅನ್ನುವ ನಿಯಮ ಇವಕ್ಕೆ ಇನ್ನೂ ಕಟ್ಟುನಿಟ್ಟು. ವ್ಯತ್ಯಾಸ ಇದ್ದರೆ ಕಪ್ಲಿಂಗ್ ನೇರ ರಸ್ತೆಯಲ್ಲೂ ಜಾರುತ್ತಾ ಬಿಸಿಯಾಗುತ್ತದೆ. ಕೆಟ್ಟು ನಿಂತರೆ ಎರಡು ಚಕ್ರ ಎತ್ತಿ ಎಳೆಸಬೇಡಿ, ಇಡೀ ಗಾಡಿಯನ್ನು ಲಾರಿ ಮೇಲೆ ಹತ್ತಿಸಿ. ಕೆಸರಿನಲ್ಲಿ ತುಂಬಾ ಹೊತ್ತು ಚಕ್ರ ತಿರುಗಿಸುತ್ತಾ ಇದ್ದರೆ ಕಪ್ಲಿಂಗ್ ಬಿಸಿಯಾಗಿ ತನ್ನನ್ನು ಉಳಿಸಿಕೊಳ್ಳಲು ಕೈಬಿಡುತ್ತದೆ. ಆಗ ಎಂಜಿನ್ ಆಫ್ ಮಾಡಿ ತಣಿಯಲು ಬಿಡಿ. ಮಾಂದಲ್‌ಪಟ್ಟಿ ಬೆಟ್ಟದಂಥ ದಾರಿಗೆ ಇವನ್ನು ನುಗ್ಗಿಸುವುದಕ್ಕಿಂತ ಬಾಡಿಗೆ ಜೀಪ್ ಹತ್ತುವುದು ಲಾಭ.

ಕಾಗದದ ಕೆಲಸ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಹಬ್ ಸರಿಮಾಡಿಸುವುದು, ಸೀಲ್ ಬದಲಾಯಿಸುವುದು ರಿಪೇರಿ, ಅದಕ್ಕೆ ತಕರಾರಿಲ್ಲ. ಆದರೆ ಟೂ ವೀಲ್ ಬೊಲೆರೊ ತಂದು ಅದಕ್ಕೆ ಮುಂದಿನ ಹೌಸಿಂಗ್, ಟ್ರಾನ್ಸ್‌ಫರ್ ಕೇಸ್ ಕೂರಿಸುತ್ತೇನೆ ಅನ್ನುವ ಯೋಚನೆ ಇದ್ದರೆ ಮೊದಲು ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಲೆಕ್ಕ ಹಾಕಿದರೂ ಅದು ಗಿಟ್ಟುವುದಿಲ್ಲ. ಬ್ರಾಕೆಟ್, ಶಾಫ್ಟ್, ಸ್ಟಿಯರಿಂಗ್ ಲಿಂಕ್ ಅಂತ ಒಂದಕ್ಕೊಂದು ಸೇರುತ್ತಾ ಹೋಗುತ್ತದೆ. ಇರುವುದನ್ನು ಮಾರಿ, ಕೆಎ-12 ನಂಬರಿನ ಒಳ್ಳೆಯ ಫೋರ್ ವೀಲ್ ಗಾಡಿ ಹುಡುಕಿ. ನೋಡಲು ಹೋಗುವಾಗ ಜಾಕ್ ಮತ್ತು ಸೀಮೆಸುಣ್ಣ ಜೊತೆಗಿರಲಿ. ಎರಡನೇ ಮತ್ತು ಮೂರನೇ ಹಂತ ಮಾಡಿ ನೋಡಲು ಮಾಲೀಕರು ಒಪ್ಪದಿದ್ದರೆ ಬೇರೆ ಗಾಡಿ ನೋಡಿ.