ಮೆಸ್‌ ಹುಡುಗರು ಉಪ್ಪಿಟ್ಟು ಕೇಳಿ ಹಾಕಿಸಿಕೊಳ್ಳುವಂತೆ ಮಾಡಿದ್ದು: ನನ್ನ ಅನುಭವ

ತುಮಕೂರಿನಲ್ಲಿ ಕಾಲೇಜು ಹುಡುಗರಿಗೆ ಮೆಸ್ ನಡೆಸಿ ಉಪ್ಪಿಟ್ಟಿನಲ್ಲಿ ಲಾಭ ಕಾಣುತ್ತೇನೆ ಅಂದಾಗ ಈ ಕಸುಬಿನವರು ಯಾರೂ ನಂಬಲಿಲ್ಲ. "ಉಪ್ಪಿಟ್ಟು ಬಿಟ್ಟುಬಿಡಯ್ಯಾ, ಚಿತ್ರಾನ್ನ ಹಾಕು, ತಿಂತಾರೆ" ಅಂದವರೇ ಎಲ್ಲರೂ. ಈಗ ಸುಮಾರು ಒಂದು ವರ್ಷದಿಂದ ವಾರಕ್ಕೆರಡು ದಿನ ಉಪ್ಪಿಟ್ಟು ಹಾಕುತ್ತಿದ್ದೇನೆ, ಪಾತ್ರೆ ಖಾಲಿಯಾಗುತ್ತಿದೆ. ಎರಡನೇ ಸಲ ತಟ್ಟೆ ಹಿಡಿದು ಬರುವ ಹುಡುಗರಿದ್ದಾರೆ.

ಮೊದಲು ಹೇಗಿತ್ತು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. "ಅಣ್ಣಾ, ಇವತ್ತೂ ಕಾಂಕ್ರೀಟಾ?" ಅಂತ ಬಾಗಿಲಲ್ಲೇ ಕೇಳಿ ವಾಪಸ್ ಹೋಗುತ್ತಿದ್ದರು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪಕ್ಕದಲ್ಲೇ ಇರುವ ಊರಿದು, ತಿಂಡಿಗೆ ಅವರಿಗೇನು ಬರ? ನನ್ನ ಮೆಸ್ಸಿನಲ್ಲಿ 120 ಜನ. ಉಪ್ಪಿಟ್ಟಿನ ದಿನ ಅರ್ಧಕ್ಕರ್ಧ ಬರುತ್ತಿರಲಿಲ್ಲ. 8 ಕೆಜಿ ರವೆಯ ಉಪ್ಪಿಟ್ಟಿನಲ್ಲಿ ಮೂರು ಕೆಜಿ ರವೆಯಷ್ಟು ಹಂದಿ ಸಾಕುವವರ ಬಕೆಟ್ಟಿಗೆ ಹೋಗುತ್ತಿತ್ತು. ರವೆ, ಎಣ್ಣೆ, ಈರುಳ್ಳಿ, ಗ್ಯಾಸು ಸೇರಿ ದಿನಕ್ಕೆ ಐನೂರು ಆರುನೂರು ರೂಪಾಯಿ ನೀರಿಗೆ ಹಾಕಿದ ಹಾಗೆ. ತಿಂಗಳಿಗೆ ನಾಲ್ಕೈದು ಸಾವಿರ. ಅದಕ್ಕಿಂತ ದೊಡ್ಡ ನಷ್ಟ, ತಿಂಡಿಗೆ ಬೇಸತ್ತು ತಿಂಗಳ ಕೊನೆಗೆ ಮೆಸ್ಸೇ ಬಿಟ್ಟುಹೋಗುವ ಹುಡುಗರದು.

ಎಲ್ಲರೂ ಮಾಡುವಂತೆ ನಾನೂ ಮೊದಲು ರುಚಿಗೇ ಕೈ ಹಾಕಿದೆ. ವಾಂಗೀಬಾತ್ ಪುಡಿ, ಟೊಮೆಟೊ, ಕ್ಯಾರೆಟ್ ಹಾಕಿ ಖಾರಾಬಾತ್ ಮಾಡಿದೆ. ಎರಡು ವಾರ ತಿಂದರು, ಮೂರನೇ ವಾರಕ್ಕೆ ಮತ್ತೆ ಮುಖ ತಿರುಗಿಸಿದರು. ಗೋಡಂಬಿ, ತುಪ್ಪ ಹಾಕಿದೆ, ತಟ್ಟೆಗೆ ನಾಲ್ಕು ರೂಪಾಯಿ ಹೆಚ್ಚಾಯಿತು. ಗೋಡಂಬಿ ಆರಿಸಿ ತಿಂದು ಉಪ್ಪಿಟ್ಟು ಬಿಟ್ಟರು. ಬೀನ್ಸ್, ದಪ್ಪಮೆಣಸಿನಕಾಯಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಕೂತವು. ಶ್ಯಾವಿಗೆ ಉಪ್ಪಿಟ್ಟು ಮಾಡಿದರೆ ಖುಷಿಯಿಂದ ತಿಂತಾರೆ, ಆದರೆ ಹತ್ತು ಗಂಟೆಗೇ ಹಸಿವು ಅಂತ ಗಲಾಟೆ. ಮೃದುವಾಗಲಿ ಅಂತ ಚಿರೋಟಿ ರವೆ ಬೆರೆಸಿದ ದಿನ ಪೂರ್ತಿ ಪಾತ್ರೆ ಅಂಟಾಗಿ ಕೂತಿತು. ಆಮೇಲೆ ಆರೇಳು ಸಾವಿರ ಕೊಟ್ಟು ದೊಡ್ಡ ಹಾಟ್ ಬಾಕ್ಸ್ ತಂದೆ. ಬಿಸಿ ನಿಂತಿತು ನಿಜ, ಆದರೆ ಮುಚ್ಚಳದ ಹಬೆ ನೀರಾಗಿ ಮೇಲೆ ತೊಟ್ಟಿಕ್ಕಿ, ಮೇಲಿನದು ಪಿಚಪಿಚ, ಕೆಳಗಿನದು ಗಟ್ಟಿ. ಆ ಡಬ್ಬದಲ್ಲಿ ಈಗ ಚಪಾತಿ ಇಡುತ್ತೇನೆ.

ಒಂದು ಬೆಳಿಗ್ಗೆ ಬೇಗ ಬಸ್ಸು ಹಿಡಿಯಬೇಕಿದ್ದ ಹುಡುಗನೊಬ್ಬ ಆರೂವರೆಗೇ ಬಂದ. ಒಲೆಯಿಂದ ಇಳಿಸುತ್ತಿದ್ದ ಪಾತ್ರೆಯಿಂದಲೇ ಹಾಕಿಕೊಟ್ಟೆ. ಮಾತಿಲ್ಲದೆ ತಿಂದು, "ಇನ್ನೊಂದು ಸ್ವಲ್ಪ ಹಾಕಿ ಅಣ್ಣಾ" ಅಂದ. ಅದೇ ಪಾತ್ರೆಯ ಉಪ್ಪಿಟ್ಟನ್ನು ಎಂಟೂವರೆಗೆ ಅವನ ರೂಮಿನವರು ಮುಟ್ಟಲಿಲ್ಲ. ಅಲ್ಲಿಗೆ ನನಗೆ ಖಾತ್ರಿಯಾಯಿತು. ಇವರಿಗೆ ಬೇಡವಾಗಿರುವುದು ಉಪ್ಪಿಟ್ಟಲ್ಲ, ಎರಡು ಗಂಟೆ ಹಿಂದಿನ ಉಪ್ಪಿಟ್ಟು. ಬೆಂದ ರವೆ ಆರುತ್ತಾ ಹೋದಂತೆ ಬಿಗಿಯುತ್ತದೆ, ದೊಡ್ಡ ಪಾತ್ರೆಯಲ್ಲಿ ತನ್ನ ಭಾರಕ್ಕೆ ತಾನೇ ಅದುಮಿಕೊಳ್ಳುತ್ತದೆ. ಅದಕ್ಕೆ ಯಾವ ಮಸಾಲೆಯೂ ಮದ್ದಲ್ಲ.

ಆಮೇಲೆ ಒಂದೇ ಸಲ 8 ಕೆಜಿ ಮಾಡುವುದನ್ನು ನಿಲ್ಲಿಸಿದೆ. 2 ಕೆಜಿಯಂತೆ ನಾಲ್ಕು ಸಲ, ಏಳೂಕಾಲರಿಂದ ಎಂಟೂವರೆ ತನಕ, ಹುಡುಗರು ಬಂದ ಹಾಗೆ. ಒಂದು ಸಲದ್ದು ಮೂವತ್ತು ತಟ್ಟೆಗೆ ಬರುತ್ತದೆ. "ಗ್ಯಾಸ್ ಸುಟ್ಟು ಹಾಳಾಗಿ ಹೋಗ್ತೀಯ" ಅಂದರು ಪಕ್ಕದ ಮೆಸ್ಸಿನ ಹಿರಿಯರು. ಒಗ್ಗರಣೆಯನ್ನೂ ನಾಲ್ಕು ಸಲ ಮಾಡಿದ್ದರೆ ಅವರ ಮಾತು ನಿಜವಾಗುತ್ತಿತ್ತು. ನಾನು ಬೆಳಿಗ್ಗೆ ಆರಕ್ಕೆ ಈರುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಪೂರ್ತಿ ಒಂದೇ ಬಾಂಡ್ಲಿಯಲ್ಲಿ ಮಾಡಿ ಇಡುತ್ತೇನೆ. ಕಡಲೆಬೇಳೆ, ಉದ್ದಿನಬೇಳೆ ಬೇರೆಯಾಗಿ ಹುರಿದು ಡಬ್ಬಿಯಲ್ಲಿ. ರವೆ ಹಿಂದಿನ ರಾತ್ರಿಯೇ ಎಣ್ಣೆ ಹಾಕಿ ಹುರಿದು, ಎರಡೆರಡು ಕೆಜಿ ಕಟ್ಟಿಟ್ಟಿರುತ್ತೇನೆ. ಒಂದು ಒಲೆಯಲ್ಲಿ ಸದಾ ಎಸರು ಕುದಿಯುತ್ತಿರುತ್ತದೆ. ಪಾತ್ರೆಗೆ ಸೌಟಿನಿಂದ ಒಗ್ಗರಣೆ ಹಾಕಿ, ಮೇಲೆ ಎಸರು, ಉಪ್ಪು, ರವೆ. ಐದು ನಿಮಿಷ ಮುಚ್ಚಿ, ಬೇಳೆ ಉದುರಿಸಿ ಬಡಿಸುವುದು. ಬೇಳೆ ಹಲ್ಲಿಗೆ ಕಟುಂ ಅನ್ನುತ್ತದೆ, ಹುಡುಗರಿಗೆ ಅದು ಬಹಳ ಹಿಡಿಸಿದೆ.

ಗ್ಯಾಸು ಹೆಚ್ಚಾಗಿದ್ದು ತಿಂಗಳಿಗೆ ಹೆಚ್ಚೆಂದರೆ ಅರ್ಧ ಸಿಲಿಂಡರ್, 19 ಕೆಜಿಯದ್ದು. ಸಾವಿರದ ಒಳಗೆ. ಬಕೆಟ್ಟಿಗೆ ಹೋಗುತ್ತಿದ್ದುದರಲ್ಲಿ ಉಳಿದದ್ದು ಮೂರೂವರೆ ಸಾವಿರಕ್ಕೆ ಕಮ್ಮಿಯಿಲ್ಲ. ಹಿರಿಯರೂ ಈಗ ಮೂರು ಸಲ ಮಾಡುತ್ತಿದ್ದಾರೆ.

ರವೆಯ ಬಗ್ಗೆ ಒಂದು ಮಾತು. ಬನ್ಸಿ ರವೆಯೇ ಆಗಬೇಕು. ಮೂಟೆ ಲೆಕ್ಕದಲ್ಲಿ ತರುತ್ತಿದ್ದ ಅಂಗಡಿಯದರಲ್ಲಿ ಹುಡಿ ಬಹಳ ಇತ್ತು. ಜರಡಿ ಹಿಡಿದು ನೋಡಿದೆ, ಕೆಜಿಗೆ ನೂರು ಗ್ರಾಂ ಹತ್ತಿರ ಮೈದಾದಂಥ ನುಣುಪು ಪುಡಿ. ಎಸರಿಗೆ ಬಿದ್ದ ತಕ್ಷಣ ಗಂಜಿಯಾಗಿ ಕಾಳು ಕಾಳನ್ನೂ ಅಂಟಿಸುವುದು ಆ ಪುಡಿಯೇ. ಈಗ ಹುರಿಯುವ ಮುಂಚೆ ಎಲ್ಲವನ್ನೂ ಜರಡಿ ಹಿಡಿಯುತ್ತೇವೆ, ಪುಡಿ ರವೆ ದೋಸೆಗೆ ಹೋಗುತ್ತದೆ. ಹುರಿದ ರವೆ ಮುಷ್ಟಿಯಲ್ಲಿ ಹಿಡಿದರೆ ಒಣ ಮರಳಿನ ಹಾಗೆ ಬೆರಳ ಸಂದಿಯಿಂದ ಜಾರಬೇಕು, ಬಣ್ಣ ಮಾತ್ರ ತಿರುಗಬಾರದು. ನೀರು 1 ಸೇರು ರವೆಗೆ 3 ಸೇರು. ಎರಡಕ್ಕೇ ನಿಲ್ಲಿಸುವವರು ಬಹಳ ಮಂದಿ. ಹಾಕಿದ ತಕ್ಷಣ ಉದುರುದುರಾಗಿ ಚೆನ್ನಾಗಿ ಕಾಣುತ್ತದೆ, ಹತ್ತು ನಿಮಿಷಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ. ಮುಚ್ಚುವ ಮುಂಚೆ ನಾನು ಇನ್ನೊಂದು ಸಾಮಾನು ಹಾಕುತ್ತೇನೆ. ನಿಂಬೆಯಲ್ಲ, ಮೊಸರೂ ಅಲ್ಲ. ಅದನ್ನು ಇಲ್ಲಿ ಹೇಳುವುದಿಲ್ಲ, ನನ್ನ ಹೊಟ್ಟೆಪಾಡು ಅದರಲ್ಲೇ ಇದೆ.

ಉಪ್ಪಿಟ್ಟು ಗೆದ್ದ ಮೇಲೆ ಧೈರ್ಯ ಬಂದು ಬೇರೆಯವನ್ನೂ ಮಾಡಿ ನೋಡಿದೆ. ಸಬ್ಬಸಿಗೆ ಸೊಪ್ಪು ಉಪ್ಪಿಟ್ಟಿಗೆ ಆಗುವುದಿಲ್ಲ, ಹಬೆಯಲ್ಲಿ ಅದರ ವಾಸನೆ ಹಾಲ್ ತುಂಬಿ ಅರ್ಧ ಜನ ಎದ್ದರು. ಅದೇ ಸೊಪ್ಪನ್ನು ಅಕ್ಕಿರೊಟ್ಟಿಗೆ ಹಾಕಿದರೆ ಗೊತ್ತೇ ಆಗದಂತೆ ತಿಂದರು. ಡಿಸೆಂಬರ್, ಜನವರಿಯಲ್ಲಿ ಅವರೆಕಾಳು ಹಾಕಿದರೆ ನಾಲ್ಕು ಸಲದ್ದು ಸಾಲುವುದಿಲ್ಲ, ಐದಾಗಬೇಕು. ಪುತ್ತೂರಿನ ಹುಡುಗನೊಬ್ಬ "ನಮ್ಮಲ್ಲಿ ಸಜ್ಜಿಗೆ ಬಜಿಲ್ ಅಂತ ತಿಂತೇವೆ, ಮಾಡಿ ಅಣ್ಣಾ" ಅಂತ ಹಿಂದೆ ಬಿದ್ದ. ಉಪ್ಪಿಟ್ಟಿನ ಮೇಲೆ ಖಾರ ಹಚ್ಚಿದ ತೆಳು ಅವಲಕ್ಕಿ, ಅಷ್ಟೇ. ತಿಂಗಳಿಗೊಂದು ಸಲ ಕಾಯಂ ಆಯಿತು. ಮುಂಬೈಯಲ್ಲಿ ಹುಟ್ಟಿದ ಬಾಣಸಿಗ ಫ್ಲಾಯ್ಡ್ ಕಾರ್ಡೋಜ್ 2011ರಲ್ಲಿ ಅಮೆರಿಕದ ಟೀವಿ ಅಡುಗೆ ಸ್ಪರ್ಧೆಯೊಂದನ್ನು ಅಣಬೆ ಉಪ್ಪಿಟ್ಟು ಮಾಡಿ ಗೆದ್ದರು ಅಂತ ಓದಿ ಅದನ್ನೂ ಒಂದು ಭಾನುವಾರ ಮಾಡಿದೆ. ರುಚಿಗೆ ಎರಡು ಮಾತಿಲ್ಲ. ಆದರೆ ಅಣಬೆ ಕೆಜಿಗೆ ಇನ್ನೂರು ದಾಟುತ್ತದೆ, ಮೆಸ್ ದುಡ್ಡಿಗೆ ಹೊಂದುವುದಿಲ್ಲ.

ಕೊನೆಯ ಸಲದ್ದರಲ್ಲಿ ಒಂದೆರಡು ಕೆಜಿ ಉಪ್ಪಿಟ್ಟು ಉಳಿಯುವುದುಂಟು. ಅದಕ್ಕೆ ಈರುಳ್ಳಿ, ಸ್ವಲ್ಪ ಅಕ್ಕಿಹಿಟ್ಟು ಕಲಸಿ ತಟ್ಟಿ ಸಂಜೆ ನಾಲ್ಕಕ್ಕೆ ವಡೆ ಕರಿಯುತ್ತೇವೆ, ಒಂದಕ್ಕೆ ಐದು ರೂಪಾಯಿ. ಮುನ್ನೂರು ಜನರ ಹಾಸ್ಟೆಲ್‌ನವರು ತಮ್ಮಲ್ಲೂ ಹೀಗೆ ಸಲ ಸಲಕ್ಕೆ ಉಪ್ಪಿಟ್ಟು ಮಾಡಬಹುದಾ ಅಂತ ಕೇಳಿದ್ದರು. ಅಷ್ಟು ಜನಕ್ಕೆ ಎಸರಿಗೇ ಎರಡು ಒಲೆ ಬೇಕು, ಸೌಟು ಹಿಡಿಯುವವರು ಇಬ್ಬರು ಬೇಕು, ಒಂದು ಸಲಕ್ಕೆ 3 ಕೆಜಿ ದಾಟಿಸಬೇಡಿ.