ಮಲೆನಾಡಿನ ತೇವದಲ್ಲಿ ಸೈಕಲ್ ಕಟ್ಟುವ ಕೋಣೆ

ಮನೆಯಲ್ಲೇ ಸೈಕಲ್ ಜೋಡಿಸಬೇಕು ಎಂದುಕೊಂಡವರು ಮೊದಲು ಸ್ಪ್ಯಾನರ್ ಕೊಳ್ಳಲು ಹೊರಡುತ್ತಾರೆ. ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಮೊದಲು ನೋಡಬೇಕಾದ್ದು ಕೋಣೆ. ಕಡೂರು, ಅರಸೀಕೆರೆಯ ಬಯಲುಸೀಮೆಯಲ್ಲಿ ಸಾಮಾನು ಹೇಗಿಟ್ಟರೂ ನಡೆದೀತು. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಸಾವಿರಾರು ರೂಪಾಯಿಯ ಸಾಮಾನು ಒಂದೇ ಮಳೆಗಾಲಕ್ಕೆ ಕೆಂಪಾಗಲು ಅಷ್ಟು ಸಾಕು.

ಜಾಗ

ತೋಟದ ಮನೆಯಲ್ಲಿ ಖಾಲಿ ಸಿಗುವುದು ಹೆಚ್ಚಾಗಿ ಗೊಬ್ಬರದ ಕೋಣೆಯ ಮೂಲೆ. ಅದು ಬೇಡವೇ ಬೇಡ. ಯೂರಿಯಾ ಗಾಳಿಯ ನೀರು ಹೀರಿ ಜಿನುಗುತ್ತದೆ, ಪೊಟ್ಯಾಷ್‌ನ ಧೂಳಿನಲ್ಲಿ ಕ್ಲೋರೈಡ್ ಇರುತ್ತದೆ. ಎರಡೂ ತೇವದ ಜೊತೆ ಸೇರಿದರೆ ಕಬ್ಬಿಣವನ್ನೂ ಬಿಡುವುದಿಲ್ಲ, ಅಲ್ಯೂಮಿನಿಯಮ್ಮನ್ನೂ ಬಿಡುವುದಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದಿಟ್ಟ ಮೈಲುತುತ್ತ ಇನ್ನೂ ಕೆಟ್ಟದ್ದು: ಅದರ ನೀರು ತಾಗಿದ ಕಡೆ ಕಬ್ಬಿಣ ಕರಗಿ, ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಸ್ಪ್ಯಾನರ್ ಮೇಲೆ ತಾಮ್ರದ ಬಣ್ಣದ ಕಲೆ ಕಂಡರೆ ಕಾರಣ ಇದೇ. ಗೊಬ್ಬರಕ್ಕೂ ವರ್ಕ್‌ಶಾಪಿಗೂ ನಡುವೆ ಒಂದು ಗೋಡೆ, ಒಂದು ಮುಚ್ಚುವ ಬಾಗಿಲು ಇರಲೇಬೇಕು.

10 ಅಡಿ ಉದ್ದ, 8 ಅಡಿ ಅಗಲ ಇದ್ದರೆ ಸಾಕು. ಸೈಕಲ್ ಸುಮಾರು 6 ಅಡಿ ಉದ್ದ. ಸುತ್ತ ಎರಡು ಅಡಿ ಓಡಾಡುವ ಜಾಗ ಬೇಕು. ಎದುರುಬದುರು ಕಿಟಕಿ ಇರುವ ಕೋಣೆ ಒಳ್ಳೆಯದು, ಆದರೆ ಮಳೆಗಾಲದಲ್ಲಿ ಅವನ್ನು ದಿನವಿಡೀ ತೆರೆದಿಟ್ಟರೆ ಒದ್ದೆ ಗಾಳಿ ಒಳಗೆ ಬಂದು ತಣ್ಣಗಿನ ಕಬ್ಬಿಣದ ಮೇಲೆ ಹನಿಯಾಗಿ ಕೂರುತ್ತದೆ. ಬಿಸಿಲು ಬಂದ ಹೊತ್ತಲ್ಲಿ ತೆರೆದು, ಮೋಡ ಕವಿದಾಗ ಮುಚ್ಚುವುದು ರೂಢಿಯಾಗಲಿ.

ಕರೆಂಟಿಗೆ ಒಂದು 16 ಆಂಪಿಯರ್ ಪ್ಲಗ್, ಎರಡು 6 ಆಂಪಿಯರ್ ಪ್ಲಗ್, ಅದರ ಹಿಂದೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್ಚು). ಒದ್ದೆ ಗಾರೆ ನೆಲದ ಮೇಲೆ ನಿಂತು ಗ್ರೈಂಡರ್ ಹಿಡಿಯುವವರಿಗೆ ಈ ಆರ್‌ಸಿಸಿಬಿ ಇಲ್ಲದೆ ಆಗುವುದಿಲ್ಲ. ಬೆಂಚಿನ ಮೇಲೆ 20 ವಾಟಿನ ಎಲ್‌ಇಡಿ ಟ್ಯೂಬು ಒಂದು, ಸೈಕಲ್ ನಿಲ್ಲುವ ಜಾಗದ ಮೇಲೆ ಇನ್ನೊಂದು. ದೀಪ ಬೆನ್ನ ಹಿಂದೆ ಇದ್ದರೆ ನಿಮ್ಮ ನೆರಳೇ ಕೆಲಸದ ಮೇಲೆ ಬೀಳುತ್ತದೆ. ತಲೆಗಿಂತ ಸ್ವಲ್ಪ ಮುಂದಕ್ಕೆ ಕಟ್ಟಿ.

ಬೆಂಚು, ವೈಸ್

ತೋಟದಲ್ಲಿ ಉರುಳಿಸಿದ ಸಿಲ್ವರ್ ಓಕ್ ಇದ್ದರೆ ಹಲಗೆ ಅದರದ್ದೇ ಆಗಬಹುದು, ಚೆನ್ನಾಗಿ ಒಣಗಿರಬೇಕು ಅಷ್ಟೆ. ಹಸಿ ಹಲಗೆ ತಿರುಚಿಕೊಂಡು ವೈಸಿನ (ಬೆಂಚಿಗೆ ಕೂರಿಸುವ ಇಕ್ಕಳದ) ಬೋಲ್ಟನ್ನೇ ಸಡಿಲ ಮಾಡುತ್ತದೆ. 5 ಅಡಿ ಉದ್ದ, 2 ಅಡಿ ಅಗಲ, 2 ಇಂಚು ದಪ್ಪ. ಕಾಲುಗಳಿಗೆ ವೆಲ್ಡಿಂಗ್ ಅಂಗಡಿಯಲ್ಲಿ 40 ಮಿ.ಮೀ. ಆಂಗಲ್ ಕತ್ತರಿಸಿ ಮಾಡಿಸಿ. ಬೆಂಚಿನ ಎತ್ತರ 34ರಿಂದ 36 ಇಂಚು; ಇದರ ಮೇಲೆ 4 ಇಂಚಿನ ವೈಸ್ ಕೂತಾಗ ದವಡೆ ನಿಮ್ಮ ಮೊಣಕೈ ಮಟ್ಟಕ್ಕೆ ಬರಬೇಕು. ಅದಕ್ಕಿಂತ ಕೆಳಗಿದ್ದರೆ ಅರ್ಧ ಗಂಟೆ ಕೆಲಸ ಮಾಡುವಷ್ಟರಲ್ಲಿ ಸೊಂಟ ಹಿಡಿಯುತ್ತದೆ.

ವೈಸನ್ನು ಬೆಂಚಿನ ಮಧ್ಯದಲ್ಲಿ ಕೂರಿಸುವುದು ಎಲ್ಲರೂ ಮಾಡುವ ತಪ್ಪು. ಕಾಲಿನ ನೇರಕ್ಕೆ, ಮೂಲೆಯಲ್ಲಿ ಕೂರಿಸಿ. ಬಡಿದ ಏಟು ಹಲಗೆಗೆ ಬೀಳದೆ ಕಾಲಿಗಿಳಿಯುತ್ತದೆ. ಅಲುಗದ ದವಡೆ ಬೆಂಚಿನ ಅಂಚಿಗಿಂತ ಕೂದಲೆಳೆ ಮುಂದೆ ಚಾಚಿರಲಿ. ಆಗ ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಕೊಳವೆಯಂಥ ಉದ್ದದ ವಸ್ತುವನ್ನು ನೆಟ್ಟಗೆ ಕೆಳಗಿಳಿಸಿ ಹಿಡಿಯಬಹುದು. ದವಡೆಗೆ ಅಲ್ಯೂಮಿನಿಯಮ್ ಆಂಗಲ್‌ನ ಎರಡು ತುಂಡು ಹೊದಿಸದೆ ಆಕ್ಸಲ್ ಹಿಡಿದರೆ ತ್ರೆಡ್ ಚಪ್ಪಟೆಯಾಗಿ, ನಟ್ಟು ಮತ್ತೆ ಏರುವುದಿಲ್ಲ.

ಗ್ರೈಂಡರ್ ಕೆಲಸ ಈ ಬೆಂಚಿನಲ್ಲಿ ಬೇಡ. ಚಕ್ರದ ನಡುವಿನ ಹಬ್ಬಿನಲ್ಲಿ ಗುಂಡುಗಳು ಕೂರುವ ಕಪ್ಪಿನೊಳಗೆ ಒಂದು ಚಿಟಿಕೆ ಎಮೆರಿ ಪುಡಿ ಬಿದ್ದರೂ ಗುಂಡುಗಳು ಅದನ್ನೇ ಅರೆದು ಕಪ್ಪನ್ನು ತಿನ್ನುತ್ತವೆ. ಗ್ರೈಂಡರ್, ಅರ, ತುಕ್ಕು ಕೆರೆಯುವುದು ಎಲ್ಲ ಹೊರಗಿನ ಮಾಡಿನ ಕೆಳಗೆ.

ಸೈಕಲ್ ನಿಲ್ಲಿಸಲು ಸ್ಟ್ಯಾಂಡ್ ಕೊಳ್ಳುವ ತನಕ ಎರಡು ಹಗ್ಗ ಸಾಕು: ಒಂದು ಸೀಟಿನ ಮೂತಿಗೆ, ಒಂದು ಹ್ಯಾಂಡಲಿಗೆ. ಹೆಂಚಿನ ಮನೆಯಾದರೆ ಹಗ್ಗವನ್ನು ತೊಲೆಗೆ ಕಟ್ಟಿ, ರೀಪಿಗೆ ಕಟ್ಟಬೇಡಿ. ಸ್ಟ್ಯಾಂಡ್ ಬಂದ ಮೇಲೆ ಸೀಟ್ ಪೋಸ್ಟನ್ನೇ ಹಿಡಿಸಿ. ಫ್ರೇಮಿನ ಮೇಲಿನ ಕೊಳವೆಯನ್ನು ಹಿಡಿಸಿ ಬಿಗಿದರೆ ತೆಳು ಅಲ್ಯೂಮಿನಿಯಮ್ ನೆಗ್ಗುತ್ತದೆ, ಕಾರ್ಬನ್ ಸದ್ದಿಲ್ಲದೆ ಸೀಳುತ್ತದೆ.

ಸಾಮಾನು

ಹೊಸ ಗೇರ್ ಸೈಕಲ್ಲಿಗೂ ಹಳೆ ಕಾಲದ ಕಪ್ಪು ಸೈಕಲ್ಲಿಗೂ ಬೇಕಾದ ಸಾಮಾನು ಬೇರೆಬೇರೆ. ಗೇರ್ ಸೈಕಲ್ಲಿಗೆ 2, 2.5, 3, 4, 5, 6, 8 ಮಿ.ಮೀ. ಅಲೆನ್ ಕೀ, ನಕ್ಷತ್ರದ ತುದಿಯ ಟಿ25 ಕೀ, 15 ಮಿ.ಮೀ. ಪೆಡಲ್ ಸ್ಪ್ಯಾನರ್, ಹಬ್ಬಿಗೆ 13ರಿಂದ 17ರವರೆಗಿನ ತೆಳು ಕೋನ್ ಸ್ಪ್ಯಾನರ್, ಚೈನ್ ಕಟರ್, ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು) ತೆಗೆಯುವ ಸಾಮಾನು, ಅದು ತಿರುಗದಂತೆ ಹಿಡಿಯುವ ಚೈನ್ ವಿಪ್, ಕ್ರಾಂಕನ್ನು (ಪೆಡಲಿನ ತೋಳನ್ನು) ಕೀಳುವ ಪುಲ್ಲರ್, ಬಾಟಮ್ ಬ್ರಾಕೆಟ್ (ಕ್ರಾಂಕಿನ ಆಕ್ಸಲ್ ತಿರುಗುವ ಬೇರಿಂಗ್) ಸಾಮಾನು, ಕೇಬಲ್ ಕಟರ್, ವರ್ನಿಯರ್. ಕಟಿಂಗ್ ಪ್ಲಯರಿನಲ್ಲಿ ಕೇಬಲ್ ಕತ್ತರಿಸಿದರೆ ಎಳೆ ಬಿಚ್ಚಿ ಪೊರಕೆಯಾಗುತ್ತದೆ, ಕವರಿನೊಳಗೆ ತೂರುವುದಿಲ್ಲ. ಬಿಗಿತ ಅಳೆಯುವ, 2ರಿಂದ 24 ನ್ಯೂಟನ್ ಮೀಟರಿನ ಒಂದು ಟಾರ್ಕ್ ರೆಂಚ್ ಇರಲಿ. ಉಳಿದದ್ದರಲ್ಲಿ ಕಾಸು ಉಳಿಸಬಹುದು, ಅಲೆನ್ ಕೀಯಲ್ಲಿ ಬೇಡ. ಅಗ್ಗದ ಕೀಯ ಮೂಲೆ ಸವೆದು ಬೋಲ್ಟಿನ ತಲೆಯನ್ನು ದುಂಡಗೆ ಮಾಡುತ್ತದೆ, ಆಮೇಲೆ ಡ್ರಿಲ್ ಹೊಡೆಯುವುದೇ ಗತಿ.

ಕ್ರಾಂಕನ್ನು ಬೆಣೆಯಂತೆ ಹಿಡಿಯುವ ಕಾಟರ್ ಪಿನ್ನಿನ ಹಳೆ ಸೈಕಲ್ಲಿಗೆ ಒಂದು ಪೌಂಡಿನ ಸುತ್ತಿಗೆ, ಒಂದು ತುಂಡು ಜಿಐ ಪೈಪು. ಪೈಪನ್ನು ನೆಲದಿಂದ ಕ್ರಾಂಕಿನ ಕೆಳಗೆ ಊರುಗೋಲಾಗಿ ನಿಲ್ಲಿಸಿ, ಪಿನ್ನಿನ ತುದಿ ಪೈಪಿನ ತೂತಿನೊಳಗೆ ಇಳಿಯುವ ಹಾಗೆ ಹೊಂದಿಸಿ, ಆಮೇಲೆ ಒಂದೇ ಗಟ್ಟಿ ಏಟು. ಆಧಾರವಿಲ್ಲದೆ ಹತ್ತು ಸಣ್ಣ ಏಟು ಕೊಟ್ಟರೆ ಪಿನ್ನಿನ ತಲೆ ಅಣಬೆಯಾಗುತ್ತದೆ, ಒಳಗಿನ ಗುಂಡುಗಳು ಕಪ್ಪಿನಲ್ಲಿ ಗುಳಿ ಬೀಳಿಸುತ್ತವೆ. ಹೊಸ ಪಿನ್ ಹಾಕುವಾಗ ಎರಡು ಕಡೆಯ ಪಿನ್ನೂ ಎದುರುಬದುರು ದಿಕ್ಕಿನಲ್ಲಿ ಹೋಗಬೇಕು, ಇಲ್ಲದಿದ್ದರೆ ಪೆಡಲ್‌ಗಳು ಒಂದೇ ಗೆರೆಗೆ ಬರುವುದಿಲ್ಲ. ಸುಮಾರು 50 ಕಿಲೋಮೀಟರ್ ಓಡಿದ ಮೇಲೆ ನಟ್ಟು ಇನ್ನೊಮ್ಮೆ ಬಿಗಿಯಿರಿ.

ಕ್ರಾಂಕ್ ಪುಲ್ಲರನ್ನು ಅರೆಬರೆ ಕೂರಿಸಿದರೆ ಕ್ರಾಂಕೇ ಹಾಳಾಗುತ್ತದೆ. ಬೋಲ್ಟನ್ನೂ ವಾಷರನ್ನೂ ತೆಗೆದು, ಒಳಗೆ ಕೂತ ಕೆಸರನ್ನು ಕಡ್ಡಿಯಿಂದ ಕೆರೆದು, ಪುಲ್ಲರನ್ನು ಕೈಯಲ್ಲೇ ಪೂರ್ತಿ ತಿರುಗಿಸಿ ಕೂರಿಸಬೇಕು. ಮೂರು ನಾಲ್ಕು ತ್ರೆಡ್ ಮಾತ್ರ ಹಿಡಿದಿರುವಾಗ ನಡುವಿನ ಬೋಲ್ಟ್ ತಿರುಗಿಸಿದಿರೋ, ಅಲ್ಯೂಮಿನಿಯಮ್ ತ್ರೆಡ್ ಸುರುಳಿಯಾಗಿ ಪುಲ್ಲರಿಗೆ ಸುತ್ತಿಕೊಂಡು ಹೊರಬರುತ್ತದೆ.

ಹ್ಯಾಂಡಲ್ ತಿರುಗುವ ಬೇರಿಂಗಿನ, ಅಂದರೆ ಹೆಡ್‌ಸೆಟ್ಟಿನ, ಕಪ್ ಒತ್ತಲು ದುಬಾರಿ ಪ್ರೆಸ್ ಬೇಡ. ಒಂದು ಅಡಿಯ 12 ಮಿ.ಮೀ. ತ್ರೆಡ್ ರಾಡು, ಎರಡು ನಟ್ಟು, ದಪ್ಪ ವಾಷರುಗಳು ಸಾಕು. ಒಂದು ಸಲಕ್ಕೆ ಒಂದೇ ಕಪ್ ಒತ್ತಿ. ವಾಷರ್ ಕಪ್ಪಿನ ಹೊರ ಅಂಚನ್ನು ಮಾತ್ರ ಒತ್ತಬೇಕು. ಕಪ್ ಓರೆಯಾಯಿತು ಅನ್ನಿಸಿದರೆ ಅಲ್ಲೇ ನಿಲ್ಲಿಸಿ, ತೆಗೆದು ಮತ್ತೆ ಶುರುಮಾಡಿ. ಬಾಟಮ್ ಬ್ರಾಕೆಟ್ಟಿಗೆ ಹೊಸ ತ್ರೆಡ್ ಹಾಕುವ ಟ್ಯಾಪು ತುಂಬಾ ದುಬಾರಿ, ವರ್ಷಕ್ಕೊಮ್ಮೆ ಬಳಸುವ ಸಾಮಾನು. ಅದನ್ನು ಹೊರಗೆ ಮಾಡಿಸಿ.

ಎಲ್ಲಿ ಏನು

ಸಾಮಾನು ನೇತುಹಾಕುವ ಹಲಗೆಗೆ 12 ಮಿ.ಮೀ. ಮರೈನ್ ಪ್ಲೈವುಡ್. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಮಲೆನಾಡಿನ ಮಳೆಗಾಲಕ್ಕೆ ಬಿಸ್ಕತ್ತಿನ ಹಾಗೆ ಉಬ್ಬುತ್ತದೆ. ಹಲಗೆಯ ಹಿಂದೆ ಒಂದಿಂಚಿನ ರೀಪು ಹೊಡೆದು ಗೋಡೆಯಿಂದ ದೂರ ನಿಲ್ಲಿಸಿ, ಗಾಳಿ ಆಡಲಿ. ಪ್ರತಿ ಸಾಮಾನಿನ ಸುತ್ತ ಪೇಂಟಿನಲ್ಲಿ ಗೆರೆ ಎಳೆದರೆ ಸಂಜೆ ಯಾವುದು ಕಾಣೆಯಾಗಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಅಲೆನ್ ಕೀ 4, 5, 6 ಕಣ್ಣಿನ ಮಟ್ಟದಲ್ಲಿ, ಬಲಗೈಗೆ. ವಾರಕ್ಕೊಮ್ಮೆ ಬೇಕಾಗುವ ಪುಲ್ಲರ್‌ಗಳು ಮೇಲೆ.

ಟಾರ್ಕ್ ರೆಂಚ್, ವರ್ನಿಯರ್, ಹೊಸ ಬೇರಿಂಗ್, ಚಕ್ರದ ಕಡ್ಡಿಗಳು (ಸ್ಪೋಕ್) ಮುಚ್ಚುವ ಬೀರುವಿನಲ್ಲಿ. ಬೀರುವಿನ ತಳದಲ್ಲಿ 15 ವಾಟಿನ ಹಳೆ ಕಾಲದ ತಂತಿ ಬಲ್ಬು ಉರಿಯುತ್ತಿರಲಿ. ಒಳಗಿನ ಗಾಳಿ ಹೊರಗಿನದಕ್ಕಿಂತ ಸ್ವಲ್ಪ ಬೆಚ್ಚಗಿದ್ದರೆ ನೀರು ಕೂರುವುದಿಲ್ಲ. ಎಲ್‌ಇಡಿ ಹಾಕಿ ಪ್ರಯೋಜನವಿಲ್ಲ, ಅದರಲ್ಲಿ ಆ ಕಾವು ಇಲ್ಲ. ಬಲ್ಬಿನ ಸುತ್ತ ಒಂದಡಿ ಖಾಲಿ ಬಿಡಿ. ಸಾಮಾನನ್ನು ಕಾಫಿ ಚೀಲದಲ್ಲಿ ಸುತ್ತಿಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಗೋಣಿ ನೀರು ಹಿಡಿದಿಟ್ಟುಕೊಂಡು ತುಕ್ಕಿಗೆ ಹಾಸಿಗೆ ಹಾಸಿಕೊಡುತ್ತದೆ. ಎಣ್ಣೆ ಒರೆಸಿದ ಹತ್ತಿ ಬಟ್ಟೆ ಸಾಕು.

ಸಣ್ಣ ಸಾಮಾನಿಗೆ ಅಡುಗೆಮನೆಯಲ್ಲೇ ಒಂದು ಒಳ್ಳೆಯ ಪಾತ್ರೆ ಇದೆ: ಕೋಟಿಂಗ್ ಹೋದ ಪಡ್ಡಿನ ಕಾವಲಿ. ಹಬ್ ಬಿಚ್ಚುವಾಗ ಮೊದಲ ಗುಳಿಗೆ ಲಾಕ್ ನಟ್ಟು, ಎರಡನೆಯದಕ್ಕೆ ವಾಷರ್, ಮೂರನೆಯದಕ್ಕೆ ಕೋನ್, ನಾಲ್ಕನೆಯದಕ್ಕೆ ಬಲಗಡೆಯ ಗುಂಡು ಅಂತ ಬಿಚ್ಚಿದ ಕ್ರಮದಲ್ಲೇ ಹಾಕುತ್ತ ಹೋಗಿ. ಜೋಡಿಸುವಾಗ ಹಿಂದಿನಿಂದ ಮುಂದಕ್ಕೆ ಬನ್ನಿ. ಇಡ್ಲಿ ತಟ್ಟೆಗಿಂತ ಇದು ಮೇಲು, ತೂತಿಲ್ಲ. ಸಾಮಾನ್ಯವಾಗಿ ಮುಂದಿನ ಹಬ್ಬಿಗೆ 3/16 ಇಂಚಿನ ಗುಂಡು ಒಂದು ಕಡೆಗೆ 10, ಹಿಂದಿನದಕ್ಕೆ 1/4 ಇಂಚಿನದು 9. ಒಂದು ಗುಂಡು ಸವೆದಿದ್ದರೂ ಪೂರಾ ಸೆಟ್ ಬದಲಿಸಿ. ಹಳೆಯದರ ಜೊತೆ ಹೊಸದನ್ನು ಬೆರೆಸಿದರೆ ದಪ್ಪಗಿನ ಹೊಸ ಗುಂಡುಗಳೇ ಭಾರವೆಲ್ಲ ಹೊರಬೇಕಾಗುತ್ತದೆ.

ಬೆಂಚಿನ ಎದುರಿನ ಗೋಡೆಗೆ ಇಷ್ಟನ್ನು ಪೇಂಟಿನಲ್ಲಿ ಬರೆದಿಡಿ. ಎಡಗಡೆಯ ಪೆಡಲ್ ಉಲ್ಟಾ ತ್ರೆಡ್. ಇಂಗ್ಲಿಷ್ ತ್ರೆಡ್ಡಿನ ಬಾಟಮ್ ಬ್ರಾಕೆಟ್ಟಿನಲ್ಲಿ ಚೈನ್ ಕಡೆಯ ಕಪ್ ಉಲ್ಟಾ. ಸ್ಟೆಮ್ (ಹ್ಯಾಂಡಲ್ ಹಿಡಿಯುವ ತುಂಡು) ಬೋಲ್ಟ್ 5 ನ್ಯೂಟನ್ ಮೀಟರ್, ಕ್ಯಾಸೆಟ್ 40, ಚೌಕ ಆಕ್ಸಲ್ಲಿನ ಕ್ರಾಂಕ್ ಬೋಲ್ಟ್ 35ರಿಂದ 50. ಬಿಡಿಭಾಗದ ಮೇಲೆ ಬೇರೆ ಅಂಕಿ ಅಚ್ಚಾಗಿದ್ದರೆ ಅದೇ ಸರಿ. 24 ದಾಟಿದ್ದಕ್ಕೆ ಚಿಕ್ಕ ಟಾರ್ಕ್ ರೆಂಚ್ ಹಾಕಬೇಡಿ, ಅದರ ಲೆಕ್ಕ ಕೆಡುತ್ತದೆ.

ಚಕ್ರದ ಮೂಲೆ

ಸೈಕಲ್ ಕಟ್ಟುವ ಕೆಲಸದಲ್ಲಿ ಕೈ ಪಳಗಬೇಕಾದ್ದು ಚಕ್ರದಲ್ಲಿ. ಗುಜರಿಯಲ್ಲಿ ಸಿಕ್ಕ ನೆಟ್ಟಗಿರುವ ಫೋರ್ಕನ್ನು ತಲೆಕೆಳಗಾಗಿ ವೈಸಿನಲ್ಲಿ ಹಿಡಿದು, ಎರಡು ಕಾಲಿಗೂ ಕೇಬಲ್ ಟೈ ಕಟ್ಟಿ ಅದರ ಬಾಲವನ್ನು ರಿಮ್ಮಿನ ಹತ್ತಿರಕ್ಕೆ ಕತ್ತರಿಸಿದರೆ ಮುಂದಿನ ಚಕ್ರಕ್ಕೆ ಸ್ಟ್ಯಾಂಡ್ ಸಿದ್ಧ. ಹಿಂಚಕ್ರಕ್ಕೆ ಹಳೆ ಫ್ರೇಮಿನ ಹಿಂಭಾಗ. ಹಿಂದೆ ಬಿಳಿ ಹಾಳೆ ಅಂಟಿಸಿ, ರಿಮ್ಮಿಗೂ ಟೈಗೂ ನಡುವಿನ ಸಂದು ಆಗ ಸ್ಪಷ್ಟ ಕಾಣುತ್ತದೆ.

ಕಡ್ಡಿಯ ತ್ರೆಡ್ಡಿಗೆ ಅಗಸೆ ಎಣ್ಣೆ ಒಂದು ಹನಿ. ಎಲ್ಲ ನಿಪ್ಪಲ್ಲನ್ನೂ (ಕಡ್ಡಿಯ ತುದಿಯ ನಟ್ಟು) ತ್ರೆಡ್ ಮರೆಯಾಗುವ ತನಕ ಒಂದೇ ಸಮ ತಿರುಗಿಸಿ, ಆಮೇಲೆ ವಾಲ್ವಿನ ತೂತಿನಿಂದ ಶುರುಮಾಡಿ ಒಂದೊಂದು ಸುತ್ತಿಗೂ ಅರ್ಧ ತಿರುವು. ಬಿಗಿ ಬಂದ ಮೇಲೆ ಕಾಲು ತಿರುವಿಗಿಂತ ಹೆಚ್ಚು ಬೇಡ. ಮೊದಲು ಎತ್ತರ ತಗ್ಗು, ನಂತರ ಪಕ್ಕದ ಓಲಾಟ. ಚಕ್ರವನ್ನು ಎಡಬಲ ಬದಲಿಸಿ ಹಾಕಿ ರಿಮ್ ನಡುವಿಗೇ ಬರುತ್ತದೆಯೇ ನೋಡುವುದು ಮೂರನೆಯದು. ಪಕ್ಕದ ಓಲಾಟ ಅರ್ಧ ಮಿ.ಮೀ. ಒಳಗೆ ಬಂದರೆ ಸಾಕು. ನಿಪ್ಪಲ್ ತಿರುಗುವಾಗ ಕಡ್ಡಿಯೂ ಅದರ ಜೊತೆ ತಿರುಚಿಕೊಳ್ಳುತ್ತದೆ. ಬೇಕಾದ್ದಕ್ಕಿಂತ ತುಸು ಮುಂದೆ ಹೋಗಿ ಅಷ್ಟನ್ನು ಹಿಂದಕ್ಕೆ ಬಿಡಿ. ಕೊನೆಗೆ ಅಕ್ಕಪಕ್ಕದ ಜೋಡಿ ಕಡ್ಡಿಗಳನ್ನು ಕೈಯಲ್ಲಿ ಗಟ್ಟಿಯಾಗಿ ಹಿಂಡಿ, ಮತ್ತೆ ಬೆಂಡು ನೋಡಿ. ಕಡ್ಡಿ ಬಾಗಿನಲ್ಲಿ ಮುರಿಯುವುದು ಹೆಚ್ಚಾಗಿ ಬಿಗಿ ಜಾಸ್ತಿಯಾಗಿ ಅಲ್ಲ, ಸಡಿಲವಾಗಿ: ಪ್ರತಿ ಸುತ್ತಿಗೂ ಸಡಿಲು ಬಿಗಿ ಆಗುತ್ತ ಲೋಹ ದಣಿಯುತ್ತದೆ.

ಮಳೆಗಾಲದ ಲೆಕ್ಕ

ಫ್ರೇಮಿಗೆ ಪೇಂಟ್ ಹೊಡೆಯುವುದಿದ್ದರೆ ಕಾಫಿ ಕೊಯ್ಲು ಮುಗಿದು ಹೂಮಳೆ ಬರುವುದರೊಳಗೆ ಮುಗಿಸಿ. ತೇವದ ಗಾಳಿಯಲ್ಲಿ ಹೊಡೆದ ಲ್ಯಾಕರ್ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಉಕ್ಕಿನ ಫ್ರೇಮಾದರೆ ಜೋಡಿಸುವ ಮೊದಲೇ ಕೊಳವೆಯ ಒಳಗೆ ಅಂಗಡಿಯಲ್ಲಿ ‘ಬಾಯ್ಲ್ಡ್’ ಎಂದು ಸಿಗುವ ಅಗಸೆ ಎಣ್ಣೆ ಸುರಿದು, ಎಲ್ಲ ಕಡೆ ಹೊರಳಿಸಿ, ಬಸಿದು ಎರಡು ದಿನ ಒಣಗಿಸಿ. ಬಾಟಮ್ ಬ್ರಾಕೆಟ್ಟಿನ ತಳದಲ್ಲಿ ನೀರು ಹೋಗುವ ತೂತು ಮುಚ್ಚಿರಬಾರದು. ಉಕ್ಕಿನ ಫ್ರೇಮಿನಲ್ಲಿ ಅಲ್ಯೂಮಿನಿಯಮ್ ಸೀಟ್ ಪೋಸ್ಟ್ ಇದ್ದರೆ ಗ್ರೀಸ್ ಹಚ್ಚಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊರಗೆಳೆಯಿರಿ. ಬಿಟ್ಟರೆ ಎರಡೂ ಬೆಸೆದ ಹಾಗೆ ಹಿಡಿದುಕೊಳ್ಳುತ್ತವೆ.

ಕೆಲವು ಡಿಸ್ಕ್ ಬ್ರೇಕಿಗೆ ತುಂಬುವ ಡಾಟ್ ಆಯಿಲ್ ಗಾಳಿಯ ನೀರು ಹೀರುತ್ತದೆ. ಮುಚ್ಚಳ ತೆರೆದ ಸೀಸೆಯನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ, ಸಣ್ಣ ಸೀಸೆಯನ್ನೇ ಕೊಳ್ಳಿ. ಮಿನರಲ್ ಆಯಿಲಿನ ಬ್ರೇಕಿಗೆ ಡಾಟ್ ಹಾಕಿದರೆ ಸೀಲು ಕೆಟ್ಟು ಬ್ರೇಕೇ ಹೋಗುತ್ತದೆ. ಎರಡನ್ನೂ ಬೇರೆ ಬೇರೆ ಅಂಕಣದಲ್ಲಿಡಿ.

ಭಾಗ ತೊಳೆಯಲು ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಆದೀತು, ಪೆಟ್ರೋಲ್ ಮುಟ್ಟಬೇಡಿ. ತೊಳೆದ ಕೊಳೆಯನ್ನು ಚರಂಡಿಗೋ ಹಳ್ಳಕ್ಕೋ ಚೆಲ್ಲದೆ ಕ್ಯಾನಿನಲ್ಲಿ ಬಿಟ್ಟರೆ ಎರಡು ದಿನದಲ್ಲಿ ಕೆಸರು ತಳಕ್ಕಿಳಿಯುತ್ತದೆ, ಮೇಲಿನದನ್ನು ಮತ್ತೆ ಬಳಸಬಹುದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುತ್ತ ತಾನೇ ಕಾವು ಹುಟ್ಟಿಸುತ್ತದೆ, ಉಂಡೆಯೊಳಗೆ ಕಾವು ಕೂಡಿ ಬೆಂಕಿಯೇ ಹೊತ್ತಿಕೊಳ್ಳಬಹುದು. ಬೇಸಿಗೆಯಲ್ಲಿ ಹೊರಗಿನ ಕಲ್ಲಿನ ಮೇಲೆ ಒಂದೊಂದಾಗಿ ಹರಡಿ ಒಣಗಿಸಿ. ಮಳೆಗಾಲದಲ್ಲಿ ನೀರಲ್ಲಿ ಅದ್ದಿ, ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ ಹೊರಗಿಡಿ.